ಒಂಟಿ ಸದಸ್ಯರ ಬೆನ್ನಿಗೆ ಯಾರು? ಸ್ಥಳೀಯ ಸಂಸ್ಥೆಗಳ ಮಹಾಮಂಡಳಿಯನ್ನು ಕುರಿತು



ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ವಿಷಯ ನನ್ನ ಆಯ್ಕೆಗೇ ಬಿಟ್ಟದ್ದು ಎಂದು ಹೇಳಿದರು. ಆಗ ನನ್ನ ಚಿಕ್ಕಮ್ಮ ನೆನಪಾದರು. 1987ರ ಜನವರಿಯಲ್ಲಿ ನಮ್ಮ ಭಾಗದ ಮಂಡಲ ಪಂಚಾಯಿತಿಗೆ ಅವರು ಆಯ್ಕೆಯಾದರು. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿ ಮುಂದೆ ನಿಂತು ತಂದ ಕಾನೂನಿನ ಪ್ರಕಾರ ನಡೆದ ಮೊದಲ ಚುನಾವಣೆ ಅದು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಎಂದು ಆ ಕಾನೂನು ಹೇಳಿದ್ದರಿಂದ, ಅದುವರೆಗೆ ಹಟ್ಟಿ, ಹೊಲ, ಅಡುಗೆಮನೆ ಬಿಟ್ಟು ಬೇರೆ ಕಡೆ ಕುರ್ಚಿಯ ಮೇಲೆ ಕೂತವರಲ್ಲದ ನಮ್ಮ ಚಿಕ್ಕಮ್ಮ ಸದಸ್ಯರಾದರು. ಮೊದಲ ಸಭೆಯಲ್ಲಿ ಕಾರ್ಯದರ್ಶಿಗಳು ನಡಾವಳಿ ಪುಸ್ತಕ ಮುಂದಿಟ್ಟು, "ಇಲ್ಲೊಂದು ಸಹಿ ಹಾಕಿ ಅಮ್ಮಾ" ಎಂದರಂತೆ. ಸಹಿಯ ಜಾಗದ ಮೇಲಿನ ಅರ್ಧ ಪುಟ ಖಾಲಿ ಇತ್ತು. ಎಲ್ಲರೂ ಹಾಕಿದ್ದರು, ಇವರೂ ಹಾಕಿದರು. ಮನೆಗೆ ಬಂದು ಚಿಕ್ಕಪ್ಪನನ್ನು ಕೇಳಿದರು: "ಖಾಲಿ ಹಾಳೆ ಕೆಳಗೆ ಸಹಿ ಹಾಕಬಹುದೇನು?" ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಶಾಲೆಯ ಮೇಷ್ಟ್ರಿಗೂ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೇಳೋಣವೆಂದರೆ ಅಲ್ಲಿದ್ದವರು ಅದೇ ಕಾರ್ಯದರ್ಶಿಯ ಮೇಲಧಿಕಾರಿಗಳು. ಕಡೆಗೆ ಅವರು ಹಾಲಿನ ಲೆಕ್ಕದ ಡೈರಿಯ ಹಿಂಬದಿಯಿಂದ ತಮ್ಮ ಪ್ರಶ್ನೆಗಳನ್ನು ಬರೆದಿಡಲು ಶುರುಮಾಡಿದರು. ಆ ಡೈರಿ ಈಗ ನನ್ನ ಬಳಿ ಇದೆ.

ಚಿಕ್ಕಮ್ಮ ಯಾರನ್ನು ಕೇಳಬೇಕಾಗಿತ್ತು? ಸರ್ಕಾರದ ಆಳಲ್ಲದ, ಪಕ್ಷದ ಮುಖಂಡರಲ್ಲದ, ಆದರೆ ಕಾನೂನು ಬಲ್ಲ, ಸದಸ್ಯರ ಕಷ್ಟ ಬಲ್ಲ ಒಂದು ಜಾಗ ಇರಬೇಕಲ್ಲವೇ? ಜಗತ್ತಿನ ಹಲವು ದೇಶಗಳಲ್ಲಿ ಅಂಥ ಜಾಗ ಇದೆ. ಸ್ಥಳೀಯ ಸಂಸ್ಥೆಗಳು ತಾವೇ ಸೇರಿ, ತಮ್ಮದೇ ವಂತಿಗೆಯಿಂದ ಕಟ್ಟಿಕೊಂಡ ಸಂಸ್ಥೆ ಅದು. ಇಂದು ಅಂಥ ಒಂದು ಸಂಸ್ಥೆಯನ್ನು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 'ಮುನಿಸಿಪಲ್ ಅಸೋಸಿಯೇಷನ್ ಆಫ್ ವಿಕ್ಟೋರಿಯಾ'ವನ್ನು, ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ಅದು ಸರ್ಕಾರದೊಡನೆ ಹೇಗೆ ಮಾತಾಡುತ್ತದೆ, ಒಬ್ಬೊಬ್ಬ ಸದಸ್ಯರಿಗೆ ಹೇಗೆ ಆಸರೆಯಾಗುತ್ತದೆ, ಆಪತ್ತಿನ ಭಾರವನ್ನು ಹೇಗೆ ಹಂಚುತ್ತದೆ ಎಂಬುದನ್ನು ಮೊದಲು ನೋಡೋಣ. ಎಲ್ಲಿ ಸೋತಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಕಡೆಗೆ ನಮ್ಮ ಕಡೆಗೆ ಬರುತ್ತೇನೆ.

ಅಷ್ಟು ದೂರದ ಉದಾಹರಣೆ ಯಾಕೆ ಎಂದು ಕೇಳಬಹುದು. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಸ್ಥಳೀಯ ಸರ್ಕಾರದ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಸಂವಿಧಾನದಲ್ಲಿ ಅದಕ್ಕೆ ಎರಡು ಇಡೀ ಭಾಗಗಳೇ ಇವೆ. ಆದರೂ ಅಲ್ಲಿನ ಸದಸ್ಯನಿಗೆ ಸಿಗುವ ಆಸರೆ ಇಲ್ಲಿನ ಸದಸ್ಯೆಗೆ ಸಿಗುವುದಿಲ್ಲ. ಈ ವಿಚಿತ್ರವೇ ನನ್ನನ್ನು ಆ ಕಡೆಗೆ ನೋಡುವಂತೆ ಮಾಡಿತು.

ಮೊದಲು ಹೆಸರಿನ ಮಾತು. ಈ ಬಗೆಯ ಸಂಸ್ಥೆಯನ್ನು ಕನ್ನಡದಲ್ಲಿ ಏನೆಂದು ಕರೆಯೋಣ? 'ಸಂಘ' ಎಂದರೆ ನೌಕರರ ಸಂಘದಂತೆ ಕೇಳಿಸುತ್ತದೆ. ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ಕಟ್ಟಡವಿದೆ, ಹಾಲಿನ ಕಟ್ಟಡ. ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅದರ ಮೇಲೆ ಜಿಲ್ಲೆಯ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳಿ. ಎರಡು ಲೀಟರ್ ಹಾಲು ಹಾಕುವ ಹೆಂಗಸು ಬೆಂಗಳೂರಿನ ಮಾರುಕಟ್ಟೆಯಲ್ಲಿ ಒಬ್ಬಳೇ ನಿಂತು ವ್ಯಾಪಾರ ಮಾಡಲಾರಳು, ಅವಳ ಪರವಾಗಿ ಮಹಾಮಂಡಳಿ ನಿಲ್ಲುತ್ತದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಈ ನಾಡಿಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೂಡಿಕೊಳ್ಳುವ ಅಭ್ಯಾಸ ಇದೆ. ಆದ್ದರಿಂದ ನಾನು 'ಮಹಾಮಂಡಳಿ' ಎಂಬ ಮಾತನ್ನೇ ಬಳಸುತ್ತೇನೆ. ಸ್ಥಳೀಯ ಸಂಸ್ಥೆಗಳೇ ಸದಸ್ಯರಾಗಿರುವ ಸಂಸ್ಥೆ ಎಂದು ಅದರ ಅರ್ಥ.

ವಿಕ್ಟೋರಿಯಾದಲ್ಲಿ ಇದು ಹುಟ್ಟಿದ್ದು 1879ರಲ್ಲಿ. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಜನ ಹಡಗು ಹಡಗಾಗಿ ಬಂದಿಳಿದರು, ಅಡವಿಯಲ್ಲಿ ರಾತ್ರೋರಾತ್ರಿ ಪಟ್ಟಣಗಳೆದ್ದವು. ಗಣಿಗೆ ದಾರಿ ಬೇಕು, ಪಟ್ಟಣಕ್ಕೆ ಚರಂಡಿ ಬೇಕು. ಹೀಗೆ ರಸ್ತೆ ಮಂಡಳಿಗಳು, ಪುರಸಭೆಗಳು, ಗ್ರಾಮಾಂತರದಲ್ಲಿ 'ಶೈರ್' ಎನ್ನುವ ಕೌನ್ಸಿಲ್‌ಗಳು ಬೆಳೆದವು. ಒಂದೊಂದೂ ಚಿಕ್ಕದು, ಒಂದಕ್ಕೊಂದು ದೂರ. ಮೆಲ್ಬರ್ನ್‌ನಲ್ಲಿ ಕೂತ ಸರ್ಕಾರದ ಎದುರು ಒಂದೊಂದಾಗಿ ಹೋದರೆ ಕೆಲಸವಾಗದು ಎಂದು ಕಂಡಾಗ ಅವು ಕೂಡಿಕೊಂಡವು. 1907ರಲ್ಲಿ ಈ ಕೂಟಕ್ಕಾಗಿಯೇ ರಾಜ್ಯದ ಶಾಸನಸಭೆ ಒಂದು ಪ್ರತ್ಯೇಕ ಕಾನೂನು ಮಾಡಿತು. ಆ ಕಾನೂನು ಹೇಳುವ ಉದ್ದೇಶ ಎರಡು. ಸ್ಥಳೀಯ ಆಡಳಿತ ಚೆನ್ನಾಗಿ ನಡೆಯುವಂತೆ ಮಾಡುವುದು ಒಂದು, ಸ್ಥಳೀಯ ಸಂಸ್ಥೆಗಳ ಹಕ್ಕು ಮತ್ತು ಹಿತಗಳನ್ನು ಕಾಯುವುದು ಇನ್ನೊಂದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಗಮನಿಸಬೇಕು. ಹಕ್ಕು ಕೇಳುವವರು ಕೆಲಸವನ್ನೂ ಚೆನ್ನಾಗಿ ಮಾಡಬೇಕು ಎಂಬ ಷರತ್ತು ಹುಟ್ಟಿನಲ್ಲೇ ಇತ್ತು.

ವಿಕ್ಟೋರಿಯಾದಲ್ಲಿ ಈಗ 79 ಕೌನ್ಸಿಲ್‌ಗಳಿವೆ. ಮಹಾಮಂಡಳಿಗೆ ಸೇರುವುದು ಬಿಡುವುದು ಅವುಗಳ ಇಷ್ಟ. ಸೇರಿದ ಪ್ರತಿ ಕೌನ್ಸಿಲ್ ವರ್ಷಕ್ಕಿಷ್ಟು ಎಂದು ವಂತಿಗೆ ಕೊಡುತ್ತದೆ, ತನ್ನ ಕೌನ್ಸಿಲರ್‌ಗಳಲ್ಲಿ ಒಬ್ಬರನ್ನು ಪ್ರತಿನಿಧಿಯಾಗಿ ಕಳಿಸುತ್ತದೆ. ಅಧಿಕಾರಿಗಳು ಬಂದು ಕೂರುವಂತಿಲ್ಲ, ಚುನಾಯಿತರೇ ಆಗಬೇಕು. ಅಧ್ಯಕ್ಷರನ್ನೂ ಈ ಪ್ರತಿನಿಧಿಗಳೇ ಆರಿಸುತ್ತಾರೆ.

ಈಗ ಮೊದಲ ಕೆಲಸಕ್ಕೆ ಬರೋಣ: ಸರ್ಕಾರದೊಡನೆ ಮಾತಾಡುವುದು.

ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೂ ಮಾತುಕತೆ ನಡೆಸುವುದಕ್ಕೂ ಬಹಳ ದೂರ. ಒಂದು ಉದಾಹರಣೆ ಕೊಡುತ್ತೇನೆ. ವಿಕ್ಟೋರಿಯಾದಲ್ಲಿ ಮಗು ಹುಟ್ಟಿದ ಕೂಡಲೇ ಆ ಊರಿನ ಕೌನ್ಸಿಲ್‌ಗೆ ಸುದ್ದಿ ಹೋಗುತ್ತದೆ. ತಾಯಿ-ಮಗುವಿನ ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದು ನೋಡುತ್ತಾರೆ, ಆಮೇಲೆ ಮಗು ಶಾಲೆಗೆ ಸೇರುವವರೆಗೂ ನಿಗದಿಯಾದ ವಯಸ್ಸಿನಲ್ಲಿ ತೂಕ, ಬೆಳವಣಿಗೆ, ಮಾತು ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಮೆಲ್ಬರ್ನ್‌ನ ರಿಚ್ಮಂಡ್ ಬಡಾವಣೆಯಲ್ಲಿ 1917ರಲ್ಲಿ ಮೊದಲ ಕೇಂದ್ರ ತೆರೆಯಿತು. ನೂರು ವರ್ಷ ದಾಟಿದ ಈ ಸೇವೆಯ ಖರ್ಚನ್ನು ರಾಜ್ಯ ಸರ್ಕಾರ ಮತ್ತು ಕೌನ್ಸಿಲ್‌ಗಳು ಹಂಚಿಕೊಳ್ಳುತ್ತವೆ. ಹಂಚಿಕೆ ಎಂದ ಮೇಲೆ ಎಳೆದಾಟ ಇದ್ದೇ ಇರುತ್ತದೆ. ನರ್ಸ್‌ಗಳ ಸಂಬಳ ಏರಿದರೆ ಹೆಚ್ಚುವರಿ ಯಾರದು? ಹೊಸದಾಗಿ ಒಂದು ತಪಾಸಣೆ ಸೇರಿಸಿದರೆ ಹಣ ಎಲ್ಲಿಂದ? ಸಾವಿರಾರು ಚದರ ಕಿಲೋಮೀಟರ್ ಹರಡಿರುವ, ಜನ ಕಡಿಮೆ ಇರುವ ಶೈರ್‌ಗೆ ನರ್ಸ್ ಓಡಾಟದ ಖರ್ಚೇ ಹೆಚ್ಚು. ನಗರದ ಕೌನ್ಸಿಲ್‌ಗೆ ಹೆರಿಗೆಗಳ ಸಂಖ್ಯೆಯೇ ಹೆಚ್ಚು. ಪ್ರತಿಯೊಂದೂ ಬೇರೆ ಬೇರೆಯಾಗಿ ಇಲಾಖೆಗೆ ಹೋಗಿದ್ದರೆ ಇಲಾಖೆ ಹೇಳಿದ್ದೇ ದರ ಆಗುತ್ತಿತ್ತು. ಮಹಾಮಂಡಳಿ ಎಲ್ಲರ ಲೆಕ್ಕವನ್ನೂ ಒಟ್ಟುಗೂಡಿಸಿ, ಇಲಾಖೆಯ ಎದುರು ಕೂತು, ಹೊಣೆಯ ಒಪ್ಪಂದವನ್ನು ಬರಹಕ್ಕಿಳಿಸುತ್ತದೆ. ಇಲ್ಲಿ ಅದರ ಬಲ ಇರುವುದು ಲೆಕ್ಕದಲ್ಲಿ. ಎಲ್ಲ ಕೌನ್ಸಿಲ್‌ಗಳ ನಿಜವಾದ ಖರ್ಚು ಸರ್ಕಾರಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತೋ ಅವರ ಮಾತಿಗೆ ತೂಕ ಬರುತ್ತದೆ.

ಏನು ಕೇಳಬೇಕು ಎಂದು ತೀರ್ಮಾನವಾಗುವ ಬಗೆಯೂ ನನಗೆ ಮೆಚ್ಚುಗೆಯಾದದ್ದು. ಯಾವುದೇ ಸದಸ್ಯ ಕೌನ್ಸಿಲ್ ಒಂದು ಠರಾವಿನ ಕರಡನ್ನು ಮಹಾಮಂಡಳಿಯ ರಾಜ್ಯ ಸಭೆಗೆ ಕಳಿಸಬಹುದು. ಅಲ್ಲಿ ಚರ್ಚೆಯಾಗಿ ಮತಕ್ಕೆ ಹಾಕುತ್ತಾರೆ. ಗೆದ್ದರೆ ಅದು ಇಡೀ ಮಹಾಮಂಡಳಿಯ ನಿಲುವು. ಮೂಲೆಯ ಒಂದು ಶೈರ್‌ನಲ್ಲಿ ರೈತನೊಬ್ಬ ಎತ್ತಿದ ಸೇತುವೆಯ ಪ್ರಶ್ನೆ ಹೀಗೆ ರಾಜ್ಯದ ಪ್ರಶ್ನೆಯಾಗಬಹುದು.

ಕೇಂದ್ರ ಸರ್ಕಾರದ ಮಟ್ಟದಲ್ಲಿ ಮಾತಾಡಲು ಎಲ್ಲ ರಾಜ್ಯಗಳ ಮಹಾಮಂಡಳಿಗಳೂ ಸೇರಿ 1947ರಲ್ಲಿ ಕಟ್ಟಿದ ರಾಷ್ಟ್ರೀಯ ಕೂಟ ಒಂದಿದೆ. ಗಾಫ್ ವಿಟ್ಲಮ್ ಪ್ರಧಾನಿಯಾಗಿದ್ದಾಗ, 1974-75ರಲ್ಲಿ, ಕೇಂದ್ರದ ತೆರಿಗೆ ಹಣದಿಂದ ಕೌನ್ಸಿಲ್‌ಗಳಿಗೆ ಅನುದಾನ ಕೊಡುವ ಪದ್ಧತಿ ಶುರುವಾಯಿತು. 2001ರಿಂದ ರಸ್ತೆ ದುರಸ್ತಿಗೆಂದು ಕೇಂದ್ರದ ಹಣ ನೇರವಾಗಿ ಕೌನ್ಸಿಲ್‌ಗಳಿಗೆ ಬರುವ ಯೋಜನೆಯೂ ಬಂತು. ಹೀಗಿದ್ದೂ, ಕೇಂದ್ರದ ತೆರಿಗೆ ಆದಾಯದಲ್ಲಿ ಶೇ. 1ರಷ್ಟನ್ನಾದರೂ ಕೊಡಿ ಎಂದು ಆ ಕೂಟ ವರ್ಷ ವರ್ಷವೂ ಕೇಳುತ್ತಿದೆ, ಸಿಗುತ್ತಿರುವುದು ಅದರ ಅರ್ಧದಷ್ಟು. ವಿಕ್ಟೋರಿಯಾದಲ್ಲಿ 2016-17ರಿಂದ ಕೌನ್ಸಿಲ್‌ಗಳು ಆಸ್ತಿ ತೆರಿಗೆಯನ್ನು ಎಷ್ಟು ಏರಿಸಬಹುದೆಂದು ರಾಜ್ಯದ ಸಚಿವರು ಮಿತಿ ಹಾಕುತ್ತಾರೆ. ಮೊದಲ ವರ್ಷದ ಮಿತಿ ಶೇ. 2.5. ಮಹಾಮಂಡಳಿ ಇದನ್ನು ವಿರೋಧಿಸಿತು, ತಡೆಯಲಾಗಲಿಲ್ಲ. ಮಾತಾಡುವ ಬಾಯಿ ಇದ್ದ ಮಾತ್ರಕ್ಕೆ ಎಲ್ಲವೂ ದಕ್ಕುವುದಿಲ್ಲ ಎಂಬುದನ್ನು ನೆನಪಿನಲ್ಲಿಡೋಣ.

ಎರಡನೆಯ ಕೆಲಸ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು. ಸಂಸ್ಥೆಯನ್ನು ಬಿಟ್ಟು, ಅದರೊಳಗೆ ಕೂತಿರುವ ಆ ಒಬ್ಬ ಮನುಷ್ಯನ, ಆ ಒಬ್ಬ ಹೆಂಗಸಿನ ವಿಚಾರ ಇದು.

ವಿಕ್ಟೋರಿಯಾದ ಹೆಚ್ಚಿನ ಕೌನ್ಸಿಲರ್‌ಗಳಿಗೆ ಬೇರೆ ಉದ್ಯೋಗವಿರುತ್ತದೆ. ಹಗಲು ದನ ಕಾಯ್ದೋ, ಅಂಗಡಿ ನೋಡಿಯೋ, ಶಾಲೆಯಲ್ಲಿ ಪಾಠ ಮಾಡಿಯೋ ಸಂಜೆ ಸಭೆಗೆ ಬರುತ್ತಾರೆ. ಬಂದರೆ ಎದುರಿಗೆ ನೂರಾರು ಪುಟಗಳ ಸಭಾ ಟಿಪ್ಪಣಿ. ಅಲ್ಲಿನ ಕಾನೂನಿನಲ್ಲಿ ಒಂದು ಸ್ಪಷ್ಟ ಗೆರೆ ಇದೆ. ಚುನಾಯಿತ ಸಭೆ ನೇಮಿಸುವುದು ಒಬ್ಬರೇ ಒಬ್ಬ ನೌಕರರನ್ನು, ಅಂದರೆ ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು. ಉಳಿದ ಸಿಬ್ಬಂದಿಯೆಲ್ಲ ಆ ಅಧಿಕಾರಿಯ ಕೈಕೆಳಗೆ. ಕೌನ್ಸಿಲರ್ ನೇರವಾಗಿ ಸಿಬ್ಬಂದಿಗೆ ಇದನ್ನು ಮಾಡು, ಅದನ್ನು ಬಿಡು ಎಂದು ಹೇಳುವಂತಿಲ್ಲ. ಹೊಸದಾಗಿ ಗೆದ್ದವರು ಎಡವುವುದು ಈ ಗೆರೆಯ ಮೇಲೇ. ಮತ ಹಾಕಿದವರು ಬಂದು "ನಮ್ಮ ಬೀದಿಯ ದೀಪ ಹಾಕಿಸಿ" ಎನ್ನುತ್ತಾರೆ, ಇವರು ಎಂಜಿನಿಯರ್‌ಗೆ ಫೋನ್ ಮಾಡುತ್ತಾರೆ, ಅದು ನಿಯಮದ ಉಲ್ಲಂಘನೆಯಾಗುತ್ತದೆ. ನಮ್ಮಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಸದಸ್ಯರ ನಡುವೆ ಆಗುವ ಜಗಳಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿನ ಮುಖ್ಯ ಅಧಿಕಾರಿಯನ್ನು ಕೌನ್ಸಿಲ್ಲೇ ನೇಮಿಸುತ್ತದೆ, ನಮ್ಮ ಪಿಡಿಒ ರಾಜ್ಯ ಸರ್ಕಾರದ ನೌಕರರು.

ಇಂಥಲ್ಲಿ ಮಹಾಮಂಡಳಿ ಏನು ಮಾಡುತ್ತದೆ? ಚುನಾವಣೆಗೆ ಮೊದಲು, ನಿಲ್ಲಬೇಕೆಂದಿರುವವರಿಗೆ ಊರೂರಿನಲ್ಲಿ ಮಾಹಿತಿ ಸಭೆ ನಡೆಸುತ್ತದೆ. ಈ ಕೆಲಸಕ್ಕೆ ವಾರಕ್ಕೆ ಎಷ್ಟು ಹೊತ್ತು ಬೇಕು, ಮನೆಯವರಿಗೆ ಏನು ತೊಂದರೆ, ಯಾವ ಆಸ್ತಿ ವಿವರ ಘೋಷಿಸಬೇಕು ಎಂದೆಲ್ಲ ಮುಂಚೆಯೇ ಹೇಳುತ್ತದೆ. ಗೆದ್ದ ಮೇಲೆ ಆಯವ್ಯಯ ಓದುವುದು, ಸಭೆಯ ಅಧ್ಯಕ್ಷತೆ ವಹಿಸುವುದು, ಸ್ವಹಿತಾಸಕ್ತಿ ಇರುವ ವಿಷಯ ಬಂದಾಗ ಸಭೆಯಿಂದ ಎದ್ದು ಹೊರಗೆ ಹೋಗಬೇಕಾದ ಸಂದರ್ಭ ಯಾವುದು, ಇವನ್ನು ಕಲಿಸುತ್ತದೆ. ಅಲ್ಲಿ ಹೇಳಿಕೊಡುವವರಲ್ಲಿ ಅನುಭವಿ ಕೌನ್ಸಿಲರ್‌ಗಳೂ ಇರುತ್ತಾರೆ. "ನನಗೂ ಮೊದಲ ವರ್ಷ ಏನೂ ತಿಳಿಯುತ್ತಿರಲಿಲ್ಲ" ಎಂದು ಹಳಬರೊಬ್ಬರು ಹೇಳಿದರೆ ಹೊಸಬರ ಎದೆಯ ಭಾರ ಎಷ್ಟು ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಈಚಿನ ವರ್ಷಗಳಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಕೌನ್ಸಿಲರ್‌ಗಳನ್ನು, ಅದರಲ್ಲೂ ಹೆಂಗಸರನ್ನು, ಬೈದು ಬೆದರಿಸುವುದು ಹೆಚ್ಚಾಗಿದೆ. ಆಗ ಏನು ಮಾಡಬೇಕು, ಯಾರ ನೆರವು ಪಡೆಯಬೇಕು ಎಂದು ತಿಳಿಸುವುದೂ ಈಗ ಮಹಾಮಂಡಳಿಯ ಕೆಲಸದ ಭಾಗ.

ಇಲ್ಲಿ ಒಂದು ಭಿನ್ನಾಭಿಪ್ರಾಯ ದಾಖಲಿಸಬೇಕು. 2020ರ ಕಾನೂನು ವಿಕ್ಟೋರಿಯಾದಲ್ಲಿ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವ ಮೊದಲೇ ತರಬೇತಿ ಮುಗಿಸಿರಬೇಕೆಂದು ಕಡ್ಡಾಯ ಮಾಡಿತು. ಅದು ಚಿಕ್ಕ ತರಬೇತಿ, ಮನೆಯಲ್ಲೇ ಕಂಪ್ಯೂಟರಿನಲ್ಲಿ ಮುಗಿಸಬಹುದು. ಆದರೂ ಇದನ್ನು ನಮ್ಮಲ್ಲಿ ಅನುಕರಿಸುವುದನ್ನು ನಾನು ಒಪ್ಪಲಾರೆ. ಹರಿಯಾಣದಲ್ಲಿ ಪಂಚಾಯಿತಿಗೆ ನಿಲ್ಲಲು ಇಂತಿಷ್ಟು ಓದಿರಬೇಕೆಂದು 2015ರಲ್ಲಿ ಕಾನೂನು ಮಾಡಿದರು, ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದರಿಂದ ಹೆಚ್ಚು ಪೆಟ್ಟು ತಿಂದವರು ಬಡ ದಲಿತ ಹೆಂಗಸರು. ನಮ್ಮ ಚಿಕ್ಕಮ್ಮ ಓದಿದ್ದು ನಾಲ್ಕನೇ ತರಗತಿ. ಬಾಗಿಲಿನ ಹೊರಗೆ ಪರೀಕ್ಷೆ ಇಡುವುದು ಬೇಡ, ಒಳಗೆ ಬಂದ ಮೇಲೆ ಎಷ್ಟು ಕಲಿಸಿದರೂ ಕಲಿಸಲಿ.

ಮೂರನೆಯ ಕೆಲಸ, ಆಪತ್ತಿನ ಭಾರ ಹಂಚುವುದು. ಇದು ಸ್ವಲ್ಪ ಒಣ ವಿಷಯ ಎನಿಸಬಹುದು, ಆದರೆ ಮಹಾಮಂಡಳಿಯ ನಿಜವಾದ ಕಸುವು ಇಲ್ಲೇ ಇದೆ ಎಂದು ನನ್ನ ನಂಬಿಕೆ.

ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದ ಸಿಂಗಲ್ಟನ್ ಶೈರ್‌ನಲ್ಲಿ ಹಳೆಯ ಮರದ ಸೇತುವೆಯೊಂದರ ಮೇಲೆ ಭಾರದ ಲಾರಿ ಹೋದಾಗ ಸೇತುವೆ ಕುಸಿಯಿತು, ಚಾಲಕನಿಗೆ ಪೆಟ್ಟಾಯಿತು. ಅಲ್ಲಿಯವರೆಗಿನ ಕಾನೂನು, ರಸ್ತೆ ಮಾಡುವಾಗ ತಪ್ಪು ಮಾಡಿದರೆ ಕೌನ್ಸಿಲ್ ಹೊಣೆ, ದುರಸ್ತಿ ಮಾಡದೇ ಬಿಟ್ಟರೆ ಹೊಣೆಯಿಲ್ಲ ಎನ್ನುತ್ತಿತ್ತು. 2001ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಈ ರಕ್ಷಣೆಯನ್ನು ತೆಗೆದುಹಾಕಿತು. ಜನರ ದೃಷ್ಟಿಯಿಂದ ನ್ಯಾಯವಾದ ತೀರ್ಪೇ. ಆದರೆ ನೂರಾರು ಹಳೆಯ ಸೇತುವೆಗಳಿರುವ, ಆದಾಯ ಕಡಿಮೆ ಇರುವ ಶೈರ್‌ಗಳಿಗೆ ನಿದ್ದೆ ಹಾರಿತು. ಅದೇ ವರ್ಷ ಮಾರ್ಚಿನಲ್ಲಿ ಎಚ್‌ಐಎಚ್ ಎಂಬ ದೊಡ್ಡ ವಿಮಾ ಕಂಪನಿ ಮುಳುಗಿತ್ತು. ದೇಶದಲ್ಲೆಲ್ಲ ವಿಮೆಯ ಕಂತು ಜಿಗಿಯಿತು. ಊರಿನ ಜಾತ್ರೆ, ಆಟೋಟದ ಮೈದಾನ ಕೂಡ ವಿಮೆ ಸಿಗದೆ ಕಂಗಾಲಾದವು.

ವಿಕ್ಟೋರಿಯಾದ ಕೌನ್ಸಿಲ್‌ಗಳು ಹೊಣೆಗಾರಿಕೆಯ ವಿಮೆಗೆ 1993ರಲ್ಲೇ ಮಹಾಮಂಡಳಿಯ ಮೂಲಕ ಒಂದು ಪರಸ್ಪರ ನಿಧಿ ಕಟ್ಟಿಕೊಂಡಿದ್ದವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಲ್ಲರೂ ಸೇರಿ ಹಾಕಿದ ಚೀಟಿ, ಯಾರಿಗೆ ಕಷ್ಟ ಬಂತೋ ಅವರಿಗೆ ಎತ್ತಿಕೊಡುವುದು. ಲಾಭಕ್ಕೆ ಕೂತ ಕಂಪನಿ ಕೌನ್ಸಿಲ್‌ನಿಂದ ಕಂತು ಪಡೆದು ಸುಮ್ಮನಾಗುತ್ತದೆ. ಪರಸ್ಪರ ನಿಧಿಗೆ ಆ ಅನುಕೂಲವಿಲ್ಲ. ಒಬ್ಬರ ಸೇತುವೆ ಬಿದ್ದರೆ ಎಲ್ಲರ ದುಡ್ಡು ಹೋಗುತ್ತದೆ. ಆದ್ದರಿಂದ ಯಾರ ಸೇತುವೆಯ ತಪಾಸಣೆ ಯಾವಾಗ ಆಯಿತು, ಆಟದ ಮೈದಾನದ ಉಯ್ಯಾಲೆಯ ಸರಪಳಿ ಸವೆದಿದೆಯೇ, ಬೀದಿಯ ಮರದ ಕೊಂಬೆ ಒಣಗಿದೆಯೇ ಎಂದು ಎಲ್ಲರೂ ಎಲ್ಲರನ್ನೂ ಕೇಳತೊಡಗುತ್ತಾರೆ. ಅಧಿಕಾರದಿಂದ ಬರದ ಶಿಸ್ತು ಹೀಗೆ ಒಟ್ಟಿಗೆ ಕಟ್ಟಿದ ಹಣದಿಂದ ಬರುತ್ತದೆ. ಒಬ್ಬಳ ಸಾಲದ ಕಂತು ತಪ್ಪಿದರೆ ಗುಂಪಿನ ಎಲ್ಲರೂ ಅವಳ ಮನೆಗೆ ಹೋಗಿ ವಿಚಾರಿಸುವುದನ್ನು ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ನೀವು ಕಂಡಿದ್ದೀರಿ.

ಹಣದಂತೆಯೇ ಜನಬಲವನ್ನೂ ಹಂಚಬೇಕಾದ ದಿನ 2009ರ ಫೆಬ್ರವರಿ 7. ಆ ದಿನ ವಿಕ್ಟೋರಿಯಾದ ಕಾಡುಗಳಿಗೆ ಹತ್ತಿದ ಬೆಂಕಿಯಲ್ಲಿ 173 ಜನ ಸತ್ತರು. ಮರಿಂಡಿಂಡಿ ಎಂಬ ಗ್ರಾಮಾಂತರ ಶೈರ್‌ಗೆ ಸೇರಿದ ಮೇರಿಸ್ವಿಲ್ ಪಟ್ಟಣ ಬಹುಪಾಲು ಬೂದಿಯಾಯಿತು. ಒಂದು ಚಿಕ್ಕ ಶೈರ್‌ನ ನೌಕರರಲ್ಲೇ ಮನೆ ಕಳೆದುಕೊಂಡವರು, ಹತ್ತಿರದವರನ್ನು ಕಳೆದುಕೊಂಡವರು ಇರುವಾಗ ಪರಿಹಾರ ಕೇಂದ್ರ ನಡೆಸುವವರು ಯಾರು, ಸುಟ್ಟ ಮನೆಗಳ ಲೆಕ್ಕ ಬರೆಯುವವರು ಯಾರು? ಬೇರೆ ಕೌನ್ಸಿಲ್‌ಗಳು ತಮ್ಮ ನೌಕರರನ್ನು ಕಳಿಸಬೇಕು. ಹಾಗೆ ಹೋದವರ ಸಂಬಳ ಯಾರು ಕೊಡಬೇಕು, ಅವರು ಯಾರ ಮಾತು ಕೇಳಬೇಕು, ಅಲ್ಲಿ ಅವರಿಗೆ ಪೆಟ್ಟಾದರೆ ಹೊಣೆ ಯಾರು ಎಂದು ಬೆಂಕಿಯ ಎದುರು ನಿಂತು ಚರ್ಚಿಸಲಾಗದು. ಕೌನ್ಸಿಲ್‌ಗಳು ಆಪತ್ತಿನಲ್ಲಿ ಸಿಬ್ಬಂದಿ ಮತ್ತು ಯಂತ್ರಗಳನ್ನು ಹಂಚಿಕೊಳ್ಳುವ ಬಗೆಗೆ ಮಹಾಮಂಡಳಿ ಲಿಖಿತ ಒಡಂಬಡಿಕೆ ಮಾಡಿಟ್ಟಿದೆ. ಪ್ರವಾಹ ಬಂದಾಗ ಕೃಷ್ಣೆಯ ದಡದ ಒಂದು ಗ್ರಾಮ ಪಂಚಾಯಿತಿಯ ಒಬ್ಬ ಬಿಲ್ ಕಲೆಕ್ಟರ್, ಒಬ್ಬ ನೀರುಗಂಟಿ ಇಡೀ ಊರನ್ನು ಹೊತ್ತು ನಿಂತದ್ದನ್ನು ಕಂಡವರಿಗೆ ಆ ಕಾಗದದ ಬೆಲೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಸೋಲಿನ ಕಥೆಯನ್ನೂ ಹೇಳಲೇಬೇಕು.

1992ರಲ್ಲಿ ಜೆಫ್ ಕೆನೆಟ್ ವಿಕ್ಟೋರಿಯಾದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದರು. ಮುಂದಿನ ಎರಡು ಮೂರು ವರ್ಷಗಳಲ್ಲಿ 210 ಕೌನ್ಸಿಲ್‌ಗಳನ್ನು ವಿಲೀನಗೊಳಿಸಿ 78ಕ್ಕೆ ಇಳಿಸಿದರು. ಚುನಾಯಿತ ಕೌನ್ಸಿಲರ್‌ಗಳನ್ನು ಮನೆಗೆ ಕಳಿಸಿ ಸರ್ಕಾರ ನೇಮಿಸಿದ ಆಯುಕ್ತರನ್ನು ಕೂರಿಸಿದರು. ಆಸ್ತಿ ತೆರಿಗೆಯನ್ನು ಶೇ. 20ರಷ್ಟು ಇಳಿಸಬೇಕು, ಖರ್ಚಿನ ಅರ್ಧದಷ್ಟನ್ನು ಟೆಂಡರಿಗೆ ಹಾಕಬೇಕು ಎಂದು ಆಜ್ಞೆಯಾಯಿತು. ನೂರು ವರ್ಷ ದಾಟಿದ ಮಹಾಮಂಡಳಿಗೆ ಇದನ್ನು ತಡೆಯಲಾಗಲಿಲ್ಲ. ರಾಜ್ಯ ಮಾಡಿದ ಕಾನೂನಿನಿಂದ ಹುಟ್ಟಿದ ಕೌನ್ಸಿಲ್‌ಗಳನ್ನು ರಾಜ್ಯವೇ ಅಳಿಸಿದರೆ ಯಾವ ನ್ಯಾಯಾಲಯಕ್ಕೆ ಹೋಗುವುದು? ಇನ್ನೂ ಕಠಿಣವಾದ ಪ್ರಶ್ನೆ ಒಂದಿತ್ತು. ಕೌನ್ಸಿಲ್‌ಗಳೇ ನೇಮಕಗೊಂಡವರ ಕೈಯಲ್ಲಿರುವಾಗ ಕೌನ್ಸಿಲ್‌ಗಳ ಮಹಾಮಂಡಳಿ ಯಾರ ಪರವಾಗಿ ಮಾತಾಡಬೇಕು? ಈ ಇಕ್ಕಟ್ಟಿನ ನಡುವೆ 1994ರಲ್ಲಿ ಇನ್ನೊಂದು ಸಂಸ್ಥೆಯೇ ಹುಟ್ಟಿತು, ವಿಕ್ಟೋರಿಯನ್ ಲೋಕಲ್ ಗವರ್ನೆನ್ಸ್ ಅಸೋಸಿಯೇಷನ್. ಅದರ ಬಾಗಿಲು ಒಬ್ಬೊಬ್ಬ ಕೌನ್ಸಿಲರ್‌ಗೂ ಸಾಮಾನ್ಯ ನಾಗರಿಕರಿಗೂ ತೆರೆದಿತ್ತು. 1996-97ರ ಹೊತ್ತಿಗೆ ಚುನಾವಣೆಗಳು ಮರಳಿದವು. ಡೆಲಟೈಟ್ ಎಂದು ಒತ್ತಾಯದಿಂದ ಕೂಡಿಸಿದ್ದ ಶೈರ್‌ನ ಜನ ಪಟ್ಟು ಬಿಡದೆ, 2002ರಲ್ಲಿ ಬೆನಲ್ಲಾ, ಮ್ಯಾನ್ಸ್‌ಫೀಲ್ಡ್ ಎಂದು ಮತ್ತೆ ಬೇರೆಯಾದರು. 78 ಇದ್ದದ್ದು 79 ಆದದ್ದು ಹೀಗೆ.

ಸಂವಿಧಾನದಲ್ಲಿ ಒಂದು ಸಾಲು ಬೇಕು ಎಂದು ಆಸ್ಟ್ರೇಲಿಯಾದ ಸ್ಥಳೀಯ ಸಂಸ್ಥೆಗಳು ಹಂಬಲಿಸುವುದು ಇದಕ್ಕಾಗಿಯೇ. 1974ರಲ್ಲಿ ಜನಮತಗಣನೆ ನಡೆಯಿತು, ಸೋತಿತು. 1988ರಲ್ಲಿ ಮತ್ತೆ ನಡೆಯಿತು, ಮೂವರಲ್ಲಿ ಒಬ್ಬರಷ್ಟೇ ಒಪ್ಪಿದರು. 2013ರ ಸೆಪ್ಟೆಂಬರಿಗೆ ಮೂರನೆಯದು ಗೊತ್ತಾಗಿತ್ತು. ಸಾರ್ವತ್ರಿಕ ಚುನಾವಣೆ ಒಂದು ವಾರ ಮುಂಚೆ ಬಂದದ್ದರಿಂದ ಅದು ನಡೆಯಲೇ ಇಲ್ಲ.

ಸೋಲು ಹೊರಗಿನಿಂದ ಮಾತ್ರ ಬರುವುದಿಲ್ಲ. 2015ರಲ್ಲಿ ವಿಕ್ಟೋರಿಯಾದ ಮಹಾಲೆಕ್ಕಪರಿಶೋಧಕರು ಈ ಮಹಾಮಂಡಳಿಯನ್ನೂ ಪರಿಶೀಲಿಸಿ, ತಾನು ಕೊಡುವ ನೆರವು ಕೌನ್ಸಿಲ್‌ಗಳಿಗೆ ನಿಜವಾಗಿ ಎಷ್ಟು ಉಪಯೋಗವಾಗಿದೆ ಎಂದು ಅದು ಸರಿಯಾಗಿ ತೋರಿಸಲಾರದು, ಆಡಳಿತದಲ್ಲೂ ಸಡಿಲವಿದೆ ಎಂದು ವರದಿ ಕೊಟ್ಟರು. ವಿಮೆ, ಖರೀದಿ, ತರಬೇತಿ ಎಂದು ಬೆಳೆಯುತ್ತ ಹೋದ ಸಂಸ್ಥೆ ತಾನೇ ಒಂದು ವ್ಯವಹಾರವಾಗಿಬಿಡುವ ಅಪಾಯ ಸದಾ ಇರುತ್ತದೆ. ಸಹಕಾರಿ ಕ್ಷೇತ್ರವನ್ನು ಬಲ್ಲ ಹಿರಿಯರು ಇಲ್ಲಿದ್ದೀರಿ, ಈ ಕಾಯಿಲೆಯ ಲಕ್ಷಣಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನಮ್ಮ ಮನೆಗೆ ಮರಳೋಣ.

1993ರ ಏಪ್ರಿಲ್ 24ರಂದು ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು, ಜೂನ್ 1ಕ್ಕೆ ನಗರಗಳ 74ನೇ ತಿದ್ದುಪಡಿ. ಆಸ್ಟ್ರೇಲಿಯಾದವರು ಮೂರು ಸಲ ಹಂಬಲಿಸಿ ಪಡೆಯಲಾರದ್ದನ್ನು ನಾವು ಪಡೆದೆವು. ಐದು ವರ್ಷದ ಅವಧಿ, ಮುಗಿಯುವ ಮೊದಲು ಚುನಾವಣೆ, ಮೀಸಲಾತಿ, ರಾಜ್ಯ ಹಣಕಾಸು ಆಯೋಗ ಎಲ್ಲವೂ ಸಂವಿಧಾನದ ಮಾತೇ. ಹಾಗಿದ್ದೂ ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿದು, ಆ ದೊಡ್ಡ ನಗರವನ್ನು ಆಡಳಿತಾಧಿಕಾರಿಗಳು ನಡೆಸಿದರು. ಕೆನೆಟ್ ಕಾನೂನು ಮಾಡಿ ತೆಗೆದದ್ದನ್ನು ನಾವು ಸುಮ್ಮನೆ ಮುಂದೂಡುತ್ತ ಹೋಗಿ ತೆಗೆದೆವು. ಚುನಾವಣೆ ಮುಂದೆ ಹೋದಾಗ ಕೋರ್ಟಿನ ಮೆಟ್ಟಿಲು ಹತ್ತಲು, ಲೆಕ್ಕ ಹಿಡಿದು ಸರ್ಕಾರದ ಎದುರು ಕೂರಲು ಸ್ಥಳೀಯ ಸಂಸ್ಥೆಗಳದ್ದೇ ಆದ ಒಂದು ಶಾಶ್ವತ ಮಹಾಮಂಡಳಿ ಇರಲಿಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸುತ್ತಾರೆ. ಆ 25 ಜನ ಮೊದಲು ಪಕ್ಷದವರು, ಆಮೇಲೆ ನಮ್ಮವರು.

ಪ್ರಯತ್ನಗಳೇ ಆಗಿಲ್ಲ ಎಂದರೆ ಅನ್ಯಾಯವಾದೀತು. ಪಂಚಾಯತ್ ರಾಜ್ ಪದ್ಧತಿಯನ್ನು ಶಿಫಾರಸು ಮಾಡಿದ ಬಲವಂತರಾಯ್ ಮೆಹ್ತಾ ಸಮಿತಿಯ ವರದಿಯ ಬೆನ್ನಿಗೇ 1958ರಲ್ಲಿ ಅಖಿಲ ಭಾರತ ಪಂಚಾಯತ್ ಪರಿಷತ್ತು ಹುಟ್ಟಿತು, ಜಯಪ್ರಕಾಶ ನಾರಾಯಣರಂಥವರು ಅದರಲ್ಲಿ ದುಡಿದರು. ಕೇರಳದಲ್ಲಿ ಗ್ರಾಮ ಪಂಚಾಯಿತಿಗಳ ಸಂಘ ಇದೆ, ಸರ್ಕಾರ ಅದರ ಮಾತು ಕೇಳುವ ವಾಡಿಕೆಯೂ ಇದೆ. ನಮ್ಮಲ್ಲಿ ಚುನಾಯಿತ ಮಹಿಳೆಯರ 'ಸುಗ್ರಾಮ' ಒಕ್ಕೂಟ ಎಷ್ಟೋ ಹೆಣ್ಣುಮಕ್ಕಳಿಗೆ ಸಭೆಯಲ್ಲಿ ಎದ್ದು ನಿಲ್ಲುವ ಧೈರ್ಯ ಕೊಟ್ಟಿದೆ. ಗ್ರಾಮ ಪಂಚಾಯಿತಿ ಸದಸ್ಯರ ಒಕ್ಕೂಟಗಳು ಗೌರವಧನಕ್ಕಾಗಿ, ಅಧಿಕಾರಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿವೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ತರಬೇತಿ ಕೊಡುತ್ತದೆ, ಆದರೆ ಅದು ಸರ್ಕಾರದ ಸಂಸ್ಥೆ. ಧರಣಿಗೂ ತರಬೇತಿಗೂ ನಡುವೆ ಒಂದು ದೊಡ್ಡ ಬಯಲು ಖಾಲಿ ಬಿದ್ದಿದೆ. ಮಾದರಿ ಠರಾವು ಬರೆದುಕೊಡುವ, ಅನುದಾನದ ಸುತ್ತೋಲೆಯನ್ನು ಬಿಡಿಸಿ ಹೇಳುವ, ನೋಟಿಸ್ ಬಂದ ಸದಸ್ಯೆಗೆ ವಕೀಲರನ್ನು ತೋರಿಸುವ, ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ಒಟ್ಟಿಗಿಟ್ಟು ಹಣಕಾಸು ಆಯೋಗದ ಮುಂದೆ ವಾದಿಸುವ ಬಯಲು ಅದು.

ಇದನ್ನು ಕಟ್ಟುವುದಾದರೆ ಸರ್ಕಾರದ ಅನುದಾನದಿಂದ ಶುರುಮಾಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಪ್ರತಿ ಪಂಚಾಯಿತಿ ತನ್ನ ಸ್ವಂತ ತೆರಿಗೆಯ ಹಣದಿಂದ, ಗ್ರಾಮ ಸಭೆಯ ಮುಂದೆ ಹೇಳಿ, ಚಿಕ್ಕ ವಂತಿಗೆ ಕೊಡಲಿ. ಕೊಟ್ಟವರು ಲೆಕ್ಕ ಕೇಳುತ್ತಾರೆ. ಪ್ರತಿನಿಧಿಗಳು ಪಂಚಾಯಿತಿಯ ಠರಾವಿನಿಂದ ಬರಲಿ, ಪಕ್ಷದ ಪಟ್ಟಿಯಿಂದ ಬೇಡ. ಮೊದಲ ದಿನವೇ ವಿಮೆ, ಖರೀದಿ ಎಂದು ಹೋಗುವುದೂ ಬೇಡ. ಒಂದು ಕೊಠಡಿ, ಪಂಚಾಯತ್ ರಾಜ್ ಕಾನೂನು ಬಲ್ಲ ಇಬ್ಬರು, ಒಂದು ಫೋನು ಸಾಕು. ಎತ್ತಿದವರು ಕನ್ನಡದಲ್ಲಿ, ತಾಳ್ಮೆಯಿಂದ, "ಹೇಳಿ ಅಮ್ಮಾ" ಎನ್ನಬೇಕು.

ಚಿಕ್ಕಮ್ಮನ ಡೈರಿಯಲ್ಲಿ ಒಟ್ಟು 31 ಪ್ರಶ್ನೆಗಳಿವೆ. 1992ರಲ್ಲಿ ಮಂಡಲದ ಅವಧಿ ಮುಗಿದು ಆಡಳಿತಾಧಿಕಾರಿ ಬರುವ ತನಕ ಬರೆದದ್ದು. ಕೆಲವಕ್ಕೆ ಅವರೇ ಉತ್ತರ ಕಂಡುಕೊಂಡು ಪಕ್ಕದಲ್ಲಿ ಗೀಟು ಹಾಕಿದ್ದಾರೆ. ಬೋರ್‌ವೆಲ್ ರಿಪೇರಿಯ ಬಿಲ್ಲಿನ ಪ್ರಶ್ನೆಗೆ ಗೀಟಿದೆ, ಶಾಲೆಯ ಜಾಗದ ಪ್ರಶ್ನೆಗೂ ಇದೆ. 19ನೆಯ ಪ್ರಶ್ನೆಗೆ ಇಲ್ಲ: "ಎಲ್ಲರೂ ಹೂಂ ಅಂದಾಗ ನಾನು ಊಹೂಂ ಅಂದರೆ ಪುಸ್ತಕದಲ್ಲಿ ನನ್ನ ಹೆಸರು ಬರೆಸಬಹುದೇ?" ಬರೆಸಬಹುದು. ವಿಕ್ಟೋರಿಯಾದ ಕೌನ್ಸಿಲರ್ ಇದೇ ಪ್ರಶ್ನೆಯನ್ನು ಒಂದು ಫೋನಿನಲ್ಲಿ ಕೇಳಿ, ಅದೇ ಸಂಜೆಯ ಸಭೆಯಲ್ಲಿ ತಮ್ಮ ವಿರೋಧವನ್ನು ದಾಖಲಿಸಿ ಮನೆಗೆ ಹೋಗುತ್ತಾರೆ. ಈ ಸಭೆ ಮುಗಿದ ಮೇಲೆ ಡೈರಿಯನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ಗ್ರಾಮ ಪಂಚಾಯಿತಿ ಸದಸ್ಯರು ನೋಡಿ, ನಿಮ್ಮ ಪ್ರಶ್ನೆಗಳನ್ನು ಅದರ ಉಳಿದ ಹಾಳೆಗಳಲ್ಲಿ ಬರೆದು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. 32ರಿಂದ ಶುರುಮಾಡಿ.